ಲೆಕ್ಕ ತಪ್ಪುವುದು ಓದಿನಲ್ಲಿ

ಮಾನ್ಯ ಸಂಪಾದಕರೇ,

ಮೂರನೇ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿ: ‘ರವಿಯ ಬಳಿ 12 ಗೋಲಿಗಳಿವೆ. ಅವು ಗೀತಾಳ ಬಳಿ ಇರುವುದಕ್ಕಿಂತ 5 ಹೆಚ್ಚು. ಗೀತಾಳ ಬಳಿ ಎಷ್ಟಿವೆ?’ ಹಲವರು 17 ಎಂದು ಬರೆಯುತ್ತಾರೆ. ‘ಹೆಚ್ಚು’ ಕಂಡರೆ ಕೂಡು, ‘ಉಳಿದದ್ದು’ ಕಂಡರೆ ಕಳೆ ಎಂಬ ಗಿಳಿಪಾಠದ ಫಲವಿದು. ಮಗ್ಗಿ ಹೇಳಿಸಿ ಪ್ರಯೋಜನವಿಲ್ಲ. ತೊಡಕಿರುವುದು ವಾಕ್ಯ ಅರ್ಥವಾಗುವುದರಲ್ಲಿ.

ಮೊದಲು ಅಂಕಿ ಮುಚ್ಚಿ ಓದಿಸಿ, ಯಾರ ಬಳಿ ಜಾಸ್ತಿ ಎಂದಷ್ಟೇ ಕೇಳಬೇಕು. ಆಮೇಲೆ ಹುಣಸೆ ಬೀಜಗಳನ್ನು ಎರಡು ಸಾಲಾಗಿ, ಒಂದರ ಕೆಳಗೊಂದು ಜೋಡಿಸಲಿ: ಮೇಲೆ 12, ಕೆಳಗಿನ ಸಾಲಿನ ಕೊನೆಗೆ 5 ಜಾಗ ಖಾಲಿ. ಉತ್ತರ 7 ಕಣ್ಣಿಗೇ ಬೀಳುತ್ತದೆ. ಒಂದು ಅವಧಿಗೆ ಇಂಥ ಎರಡು ಲೆಕ್ಕ ಧಾರಾಳವಾಯಿತು. ವಾರಕ್ಕೊಂದು ಕನ್ನಡ ಅವಧಿಯನ್ನೇ ಇದಕ್ಕೆ ಬಿಟ್ಟರೂ ನಷ್ಟವೇನಿಲ್ಲ.

– ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ