ಮದಿಮಗಳ ಖೋಲ್ಯಾಗ ಒಂದು ಕಿಡಕಿ ಇರ್ಲಿ

ಸಂಪಾದಕರಿಗೆ ನಮಸ್ಕಾರರಿ,

ಬ್ಯಾಸಗ್ಯಾಗ ಮೇಕಪ್ ಹೆಂಗ ಉಳಿಸ್ಕೋಬೇಕು ಅಂತ ಮೊನ್ನೆ ನಿಮ್ಮ ಪೇಪರ್‌ನ್ಯಾಗ ಟಿಪ್ಸ್ ಬಂದಿದ್ವು, ಮೇಕಪ್ಪಿನ ಕೆಳಗ ಪ್ರೈಮರ್ ಕ್ರೀಮ್ ಹಚ್ರಿ, ವಾಟರ್‌ಪ್ರೂಫ್ ತಗೋರಿ, ಕಡೀಕ ಮೇಕಪ್ ಹಿಡದಿಡೂ ಸೆಟ್ಟಿಂಗ್ ಸ್ಪ್ರೇ ಹೊಡೀರಿ ಅಂತ. ಛಲೋನ ಅದಾವ, ತಪ್ಪಂತೂ ಅಲ್ಲ. ಆದ್ರ ನಾ ಇಲ್ಲೆ ಬಾಗಲಕೋಟಿ ನವನಗರದಾಗ ಪಾರ್ಲರ್ ನಡಸಾಕಿ, ಮದ್ವಿ ಸೀಜನ್ ಬಂತಂದ್ರ ಊರೂರು ತಿರಗಾಕಿ, ನನ್ನ ಕೇಳಿದ್ರ ಮೇಕಪ್ ಕೆಡಸೂದು ಮಂಗಲ ಕಾರ್ಯಾಲಯದಾಗ ಮದಿಮಗಳಿಗೆ ಅಂತ ಕೊಡ್ತಾರಲ್ಲ ಆ ಸಣ್ಣ ಖೋಲಿ.

ಏಪ್ರಿಲ್‌ದಾಗ ನಮ್ಮ ಕಡೆ ಬಿಸಲು 40 ಡಿಗ್ರಿ ಮುಟ್ಟತೈತಿ ಖರೆ, ಆದ್ರ ಅದು ಒಣಾ ಬಿಸಲು, ಬಂದ ಬೆವರು ಅಲ್ಲೇ ಆರಿ ಹೋಗತೈತಿ. ಆಗ ಕೂಲರ್ ಹಚ್ಚಿದ್ರ ಪುಣ್ಯಾ ಬರ್ತೈತಿ. ಮೇ ಮುಗಿಯೂ ಹೊತ್ತಿಗೆ ರೋಹಿಣಿ ಮಳಿ ನಾಕ ಹನಿ ಉದುರಿ ಧಗಿ ಚಾಲೂ ಆತಂದ್ರ ಕಥಿನ ಬ್ಯಾರೆ. ಕೂಲರ್ ತಂಪ ಮಾಡೂದ ನೀರು ಆರಿಸಿ, ಆ ನೀರೆಲ್ಲಾ ಖೋಲ್ಯಾಗಿನ ಗಾಳಿಗೆ ಸೇರತೈತಿ, ಮೊದಲ ಹಸಿ ಇದ್ದ ಗಾಳಿ ಇನ್ನಷ್ಟು ಹಸಿ, ಅದ್ರಾಗ ಫೋಟೋದವ್ರು ಬರ್ತಾರಂತ ಬಾಗಲಾ ಹಾಕಿರ್ತಾರ, ಕಿಡಕಿ ಇರಂಗಿಲ್ಲ ಇಲ್ಲಾ ಅದಕ್ಕ ಗಾದಿ ಒಟ್ಟಿರ್ತಾರ, ಒಳಗ ಬೀಗತ್ಯಾರು, ಗೆಳತ್ಯಾರು, ಸಣ್ಣ ಹುಡುಗ್ರು, ಬೆವರು ಆರೂದು ಎಲ್ಲಿಂದರಿ? ಎಂಥಾ ಕಂಪನಿ ಮಾಲು ಹಚ್ಚಿದ್ರೂ ಮೂಗಿನ ಬಾಜೂಕ, ತುಟಿ ಮ್ಯಾಲ ಮೊದಲ ಒಡೀತೈತಿ. ಬೈಸ್ಕೊಳ್ಳಾಕಿ ಮಾತ್ರ ಪಾರ್ಲರ್‌ದಾಕಿ.

ಕಾರ್ಯಾಲಯದ ಮಾಲಕರಿಗೆ ಕೇಳೂದು ಇಷ್ಟ, ಅಷ್ಟ ಬಾಡಿಗಿ ತಗೊಂತೀರಿ, ಆ ಖೋಲಿಗೆ ತೆರೆಯಾಕ ಬರೂವಂಥಾ ಕಿಡಕಿ, ಒಂದು ಎಕ್ಸಾಸ್ಟ್ ಫ್ಯಾನ್ ಹಾಕಸ್ರಿ. ಎಸಿ ಆದ್ರಂತೂ ಭಾಳ ಛಲೋ, ಅದು ಗಾಳ್ಯಾಗಿನ ನೀರು ಹೀರಿ ಹೊರಗ ಬಿಡತೈತಿ. ಕೂಲರ್ರ ಇದ್ರ ಕಿಡಕಿ ತಗದು ಹಚ್ರಿ, ಧಗಿ ಇದ್ದಾಗ ನೀರಿನ ಪಂಪ್ ಬಂದ್ ಮಾಡಿ ಬರೇ ಗಾಳಿ ಬಿಡ್ರಿ.

ಮನಿ ಮಂದಿಗೂ ಒಂದೆರಡು ಮಾತು. ಅರಿಷಿಣಕ್ಕ ಎಣ್ಣಿ ಕಲಸಿ ಹಚ್ಚತೀರಿ, ಶಾಸ್ತ್ರ ಐತಿ ಬಿಡ್ರಿ, ಆದ್ರ ಮರದಿನ ಮೇಕಪ್ಪಿಗೆ ಕೂಡೂ ಮುಂದ ಕಿವಿ ಹಿಂದ, ಕೂದಲಂಚಿಗೆ ಎಣ್ಣಿ ಹಂಗ ಉಳದಿರತೈತಿ. ಎಣ್ಣಿ ಮ್ಯಾಲ ಫೌಂಡೇಶನ್, ಅಂದ್ರ ಮುಖಕ್ಕ ಬಳಿಯೂ ಬಣ್ಣದ ಕ್ರೀಮು, ನಿಲ್ಲಂಗಿಲ್ಲ, ಫೇಸ್‌ವಾಶ್ ಹಚ್ಚಿ ಎರಡ ಸಲ ತೊಳೀರಿ. ಮತ್ತ ಬೆವರು ಕಂಡ ಕೂಡ್ಲೆ ಹಿಂದಿಂದ ಯಾರರ ಒಬ್ಬ ದೊಡ್ಡವ್ವ "ಇನ್ನಷ್ಟು ಪೌಡರ್ ಬಡೀವಾ" ಅಂತಾಳ. ಬ್ಯಾಡ್ರೆವ್ವಾ. ಹಸಿ ಬೆವರಿನ ಮ್ಯಾಲ ಪೌಡರ್ ಬಿದ್ರ ಕಲಸಿದ ಹಿಟ್ಟ ಆಗತೈತಿ. ಮೊದಲ ಟಿಶ್ಯೂ ಒತ್ತಿ ಬೆವರು ತಗೀರಿ, ಒರಸಬ್ಯಾಡ್ರಿ, ಒತ್ರಿ, ಆಮ್ಯಾಲ ಬೇಕಾದಷ್ಟ ತೆಳ್ಳಗ ಪೌಡರ್.

ಸಾಮಾನು ತರೂವಾಗೂ ನೋಡ್ಕೋರಿ, ಸಿಲಿಕೋನ್ ಪ್ರೈಮರ್ ಮ್ಯಾಲ ನೀರಿನ ಫೌಂಡೇಶನ್ ಹಚ್ಚಿದ್ರ ಕೆಲವು ಸಲ ಬೆವರು ಬರೂಕಿಂತ ಮೊದ್ಲ ಅದು ಬಿಡತೈತಿ. ಬಾಸಿಂಗ ಕಟ್ಟೂ ಹಣಿ ಮ್ಯಾಲಂತೂ ಫೌಂಡೇಶನ್ ಹಗೂರಾಗೇ ಇರ್ಲಿ, ಹೆಂಗೂ ಅದು ತಿಕ್ಕಿ ಹೋಗೂದ. ಮದಿಮಗಾಗೂ ಒಂದು ಟಿಶ್ಯೂ ಕೊಡ್ರಿ, ಪಾಪ ಅವ ಕೋಟಿನ್ಯಾಗ ಕುದ್ದು ಹೋಗಿರ್ತಾನ, ಅವನ್ನ ಯಾರೂ ಕೇಳಂಗಿಲ್ಲ.

ನಿಮ್ಮ ವರದಿಗಾರರು ಮುಂದಿನ ಸಲ ಬ್ಯಾಸಗಿ ಮೇಕಪ್ ಬಗ್ಗೆ ಬರಿಯೂಕಿಂತ ಮೊದಲ ಜೂನ್‌ದಾಗ ಒಂದು ಮದ್ವಿಗೆ ಹೋಗಿ ಆ ಖೋಲ್ಯಾಗ ಅರ್ಧಾ ತಾಸು ಕುಂತು ಬರ್ಲಿ, ಆಮ್ಯಾಲ ಬರೀಲಿ.

– ಒಬ್ಬ ಓದುಗಿ, ನವನಗರ, ಬಾಗಲಕೋಟೆ