ಹೊಸ ಹೃದಯಕ್ಕೇಕೆ ಬ್ಯಾಟರಿ ಎಂದು ಕೇಳಿದ ಅಮ್ಮನಿಗೆ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಪತ್ರದ ಮೊದಲ ಸಾಲಿನಲ್ಲಿ ಎಲ್ಲರೂ ಬರೆಯುವ ಮಾತು ಇದು. ಈ ಸಲ ನಾನು ಎದೆ ಮುಟ್ಟಿ ನೋಡಿಕೊಂಡೇ ಬರೆಯುತ್ತಿದ್ದೇನೆ.

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಹೊಸ ಹೃದಯವನ್ನೇ ಹಾಕಿದ ಮೇಲೆ ಮತ್ತೆ ಬ್ಯಾಟರಿ ಏಕೆ? ಅವರು ಕೊಟ್ಟ ಹೃದಯದಲ್ಲೇ ಏನಾದರೂ ಕೊರತೆ ಇತ್ತೇ?" ಎಂದೆ ನೀನು. ಅಷ್ಟರಲ್ಲಿ ನೀನು ಅಳತೊಡಗಿದೆ, ಇವರು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಈಗ ಸಾವಧಾನವಾಗಿ ಬರೆಯುತ್ತೇನೆ. ಅಪ್ಪನಿಗೂ ತಮ್ಮನಿಗೂ ಓದಿ ಹೇಳು.

ಹೃದಯದಲ್ಲಿ ಕೊರತೆ ಇರಲಿಲ್ಲ ಅಮ್ಮ. ಯಾರದೋ ಮನೆಯವರು ತಮ್ಮ ಮನೆಯಲ್ಲಿ ಸಾವು ನಿಂತಿದ್ದ ಹೊತ್ತಿನಲ್ಲಿ ಹೂಂ ಎಂದು ಒಪ್ಪಿ ಕಳಿಸಿದ ಹೃದಯ ಅದು. ಹೃದಯದ ಸ್ಕ್ಯಾನ್, ಅಂದರೆ ಎಕೋ, ಮಾಡಿದಾಗಲೆಲ್ಲ ಅದರ ಸ್ನಾಯು ಗಟ್ಟಿಯಾಗಿದೆ, ಕವಾಟಗಳು ಸರಿಯಾಗಿವೆ ಎಂದೇ ಹೇಳಿದ್ದಾರೆ. ನಿಧಾನವಾದದ್ದು ಅದಕ್ಕೆ ತಾಳ ಹಾಕಿಕೊಡುವ ಒಂದು ಪುಟ್ಟ ಜಾಗ ಮಾತ್ರ.

ಆ ಜಾಗ ಬಲ ಹೃತ್ಕರ್ಣದ, ಅಂದರೆ ಹೃದಯದ ಬಲಗಡೆಯ ಮೇಲಿನ ಕೋಣೆಯ, ಮೇಲ್ಭಾಗದಲ್ಲಿ, ದೊಡ್ಡ ರಕ್ತನಾಳ ಬಂದು ಸೇರುವ ಕಡೆ ಇರುತ್ತದೆ. ಸೈನಸ್ ನೋಡ್ ಎನ್ನುತ್ತಾರೆ. ಎಲ್ಲರಲ್ಲೂ ಮಿದುಳಿನಿಂದ ಬರುವ ನರಗಳು ಅದಕ್ಕೆ ಲಗಾಮು ಹಾಕಿರುತ್ತವೆ. ವೇಗಸ್ ಎಂಬ ನರ ಸದಾ ಹಿಂದಕ್ಕೆ ಎಳೆದು ಹಿಡಿಯುವುದರಿಂದಲೇ ಸುಮ್ಮನೆ ಕುಳಿತಾಗ ನಮ್ಮ ನಾಡಿ 70ರ ಆಸುಪಾಸಿನಲ್ಲಿರುತ್ತದೆ. ಕಸಿ ಮಾಡುವಾಗ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಹೊಲಿಯಲು ಆಗುವುದಿಲ್ಲ. ಲಗಾಮು ಕಳಚಿದ ಹೃದಯ ಮಲಗಿದ್ದಾಗಲೂ ನಿಮಿಷಕ್ಕೆ 90ರಿಂದ 110 ಸಲ ಬಡಿಯುತ್ತದೆ. ಹಾಗೆ ಬಡಿಯುವುದೇ ಅದಕ್ಕೆ ಸಹಜ. ತಮ್ಮ ತನ್ನ ನಾಡಿ 58 ಎಂದು ಹೇಳಿ, ನಿಧಾನವಿದ್ದಷ್ಟೂ ಒಳ್ಳೆಯದಂತೆ ಎಂದು ನನಗೆ ಧೈರ್ಯ ತುಂಬಿದ. ದಿನವೂ ಓಡುವ ಹುಡುಗನಿಗೆ ಅದು ನಿಜವೇ. ನನಗೆ 58 ಬಂದರೆ ದಾದಿಯರು ಮಂಚದ ಬಳಿಗೆ ಓಡಿ ಬರುತ್ತಾರೆ.

ಬಂದದ್ದೂ ಹಾಗೆಯೇ. ಶಸ್ತ್ರಚಿಕಿತ್ಸೆ ಮುಗಿಸುವಾಗಲೇ ಹೃದಯದ ಮೇಲ್ಮೈಗೆ ತೆಳುವಾದ ತಂತಿಗಳನ್ನು ಹೊಲಿದು, ಎದೆಮೂಳೆಯ ಕೆಳಗಿನಿಂದ ಹೊರಗೆ ತಂದು, ಒಂದು ಪುಟ್ಟ ಪೆಟ್ಟಿಗೆಗೆ ಜೋಡಿಸಿರುತ್ತಾರೆ. ತಾಳ ಚೆನ್ನಾಗಿಯೇ ಇದ್ದರೂ ಮುಂಜಾಗ್ರತೆಗೆ ಹಾಕಿಯೇ ಹಾಕುತ್ತಾರಂತೆ. ಐದನೆಯ ದಿನ ಬೆಳಿಗ್ಗೆ ವೈದ್ಯರು ಬಂದು, ನಿಮ್ಮ ಹೃದಯ ತಾನೇ ಏನು ಮಾಡುತ್ತದೆ ನೋಡೋಣ ಎಂದು ಪೆಟ್ಟಿಗೆಯ ಗುಂಡಿಯನ್ನು ಮೆಲ್ಲಗೆ ತಿರುಗಿಸಿದರು. ಪರದೆಯ ಮೇಲೆ 100 ಇದ್ದದ್ದು 90 ಆಯಿತು, 80 ಆಯಿತು, 70 ಆಯಿತು. ಆಮೇಲೆ 54. ಎದೆ ನೋಯಲಿಲ್ಲ, ಏಕೆಂದರೆ ನೋವನ್ನು ಹೇಳುವ ನರವೂ ಅಲ್ಲಿಲ್ಲ. ಆದರೆ ಕೋಣೆಯ ಬೆಳಕು ದೂರ ಹೋದಂತಾಯಿತು, ಬೆರಳುಗಳು ತಣ್ಣಗಾದವು. ವೈದ್ಯರು ನನ್ನ ಮುಖವನ್ನೇ ನೋಡುತ್ತಿದ್ದರು. ಮರುಕ್ಷಣವೇ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು.

ಅಷ್ಟು ಅವಸರ ಏಕೆ ಎಂದು ಆಮೇಲೆ ಕೇಳಿದೆ. ಕಸಿಯಾದ ಹೊಸದರಲ್ಲಿ ಹೃದಯ ಬಿಗಿದುಕೊಂಡಿರುತ್ತದೆ, ಒಂದು ಬಡಿತಕ್ಕೆ ಹೆಚ್ಚು ರಕ್ತ ತುಂಬಿಕೊಳ್ಳಲಾರದು. ಬಿಂದಿಗೆ ಚಿಕ್ಕದಾದರೆ ಹೆಚ್ಚು ಸಲ ಸೇದಬೇಕಲ್ಲ, ಹಾಗೆ. ಬಡಿತ ಇಳಿದರೆ ಮೂತ್ರಪಿಂಡಕ್ಕೂ ಮಿದುಳಿಗೂ ರಕ್ತ ಸಾಲುವುದಿಲ್ಲ. ಅದಕ್ಕೇ ಮೊದಲ ವಾರಗಳಲ್ಲಿ 90ಕ್ಕಿಂತ ಇಳಿಯಲು ಬಿಡುವುದಿಲ್ಲ.

ಆ ಜಾಗ ಏಕೆ ಸೋತಿತು ಎಂಬುದಕ್ಕೆ ಅವರು ಒಂದೇ ಕಾರಣ ಹೇಳಲಿಲ್ಲ. ಹೃದಯ ಒಂದು ದೇಹದಿಂದ ಇನ್ನೊಂದಕ್ಕೆ ಬರುವ ದಾರಿಯಲ್ಲಿ ಕೆಲವು ಗಂಟೆ ರಕ್ತವಿಲ್ಲದೆ, ತಣ್ಣಗೆ ಮಲಗಿರುತ್ತದೆ. ಸೈನಸ್ ನೋಡ್‌ಗೆ ಅದು ಪೆಟ್ಟು. ಹೊಲಿಗೆ ಅದರ ಸಮೀಪವೇ ಹಾದುಹೋಗುತ್ತದೆ. ಇನ್ನೊಂದು ನನ್ನಿಂದಲೇ ಬಂದದ್ದು. ಹಳೆಯ ಹೃದಯ ತಾಳ ತಪ್ಪಿ ಓಡುತ್ತಿದ್ದಾಗ ತಿಂಗಳುಗಟ್ಟಲೆ ಅಮಿಯೊಡರೋನ್ ಮಾತ್ರೆ ನುಂಗಿದ್ದೆನಲ್ಲ, ಆ ಔಷಧ ಕೊಬ್ಬಿನಲ್ಲಿ ಕುಳಿತುಬಿಡುತ್ತದೆ. ನಿಲ್ಲಿಸಿದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹಳೆಯ ಹೃದಯವನ್ನು ಹದ್ದಿನಲ್ಲಿಡಲು ಕೊಟ್ಟ ಮದ್ದು ಈ ಅಮಾಯಕ ಹೃದಯವನ್ನೂ ಹಿಡಿದು ನಿಲ್ಲಿಸಿತು. ಈಗ ಹೇಳು, ಕೊರತೆ ಯಾರದು?

ಮೊದಲು ಔಷಧದಲ್ಲೇ ನೋಡಿದರು. ಐಸೊಪ್ರೆನಲಿನ್ ಎಂಬುದನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟರು; ಅದು ನರಗಳ ಹಂಗಿಲ್ಲದೆ ನೇರವಾಗಿ ಹೃದಯವನ್ನೇ ಎಬ್ಬಿಸುತ್ತದೆ. ಆಮೇಲೆ ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಮಾತ್ರೆ. ಬಡಿತ ಸ್ವಲ್ಪ ಏರಿತು, ಆದರೆ ಕೈ ನಡುಗಿ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬಹಳ ಜನರಲ್ಲಿ ಸೈನಸ್ ನೋಡ್ ದಿನಗಳಲ್ಲೋ ವಾರಗಳಲ್ಲೋ ತಾನೇ ಚೇತರಿಸಿಕೊಳ್ಳುತ್ತದೆ, ಆದ್ದರಿಂದ ಕಾಯೋಣ ಎಂದರು. ಮೂರು ವಾರ ಕಾದರು. ಪೆಟ್ಟಿಗೆ ಆರಿಸಿದರೆ ಮತ್ತೆ ಐವತ್ತರ ಮೇಲೆ ಏಳಲಿಲ್ಲ. ತಂತಿಗಳು ಹೆಚ್ಚು ದಿನ ಮೈಯಲ್ಲಿದ್ದರೆ ಸೋಂಕಿನ ಭಯ, ನನ್ನಂತೆ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿಕೊಂಡವರಿಗೆ ಇನ್ನೂ ಹೆಚ್ಚು. ಹಾಗಾಗಿ ನಾಲ್ಕನೆಯ ವಾರ ಎಡ ಎದೆಯ ಮೇಲೆ, ಚರ್ಮದಡಿಯಲ್ಲಿ ಪೇಸ್‌ಮೇಕರ್ ಇಟ್ಟರು; ನೀನು ಬ್ಯಾಟರಿ ಎಂದದ್ದು ಇದನ್ನೇ. ಹೃದಯದ ಸಣ್ಣ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಕುತ್ತಿಗೆಯ ಬಲಗಡೆಯ ರಕ್ತನಾಳ ಮತ್ತೆ ಮತ್ತೆ ಬೇಕಾಗುತ್ತದೆ, ಆ ದಾರಿಯನ್ನು ಮುಟ್ಟಲಿಲ್ಲ. ಆರು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು ಎಂದದ್ದರಿಂದ ನನಗೆ ಜಡೆ ಹಾಕಿದ್ದು ಇವರೇ. ಮೊದಲ ವಾರ ಸಿಕ್ಕುಸಿಕ್ಕಾಗಿತ್ತು, ಈಗ ನಿನ್ನಷ್ಟೇ ಚೆನ್ನಾಗಿ ಹಾಕುತ್ತಾರೆ.

ಬ್ಯಾಟರಿ ಮುಗಿದರೆ ಏನು ಗತಿ ಎಂದು ಅಪ್ಪ ಕೇಳಿದರಂತೆ. ಅದು ವರ್ಷಗಟ್ಟಲೆ ಬರುತ್ತದೆ, ಮುಗಿಯುವ ಮುನ್ನವೇ ತಪಾಸಣೆಯಲ್ಲಿ ಗೊತ್ತಾಗುತ್ತದೆ, ಆಗ ಬದಲಿಸುತ್ತಾರೆ. ದೇಹದೊಳಗೆ ಪೇಸ್‌ಮೇಕರ್ ಇಡಿಸಿಕೊಂಡ ಮೊದಲ ಮನುಷ್ಯ ಸ್ವೀಡನ್ನಿನ ಆರ್ನೆ ಲಾರ್ಸನ್. 1958ರಲ್ಲಿ ಇಟ್ಟ ಆ ಮೊದಲ ಯಂತ್ರ ಕೆಲವೇ ಗಂಟೆ ನಡೆದು ನಿಂತಿತು. ಆದರೂ ಒಂದಾದ ಮೇಲೊಂದರಂತೆ 26 ಯಂತ್ರಗಳನ್ನು ಬದಲಿಸಿಕೊಂಡು ಅವರು 86 ವರ್ಷ ಬದುಕಿದರು. ಅಪ್ಪನಿಗೆ ಇದನ್ನು ತಪ್ಪದೆ ಹೇಳು.

ನನಗೆ ಇದು ಕೊನೆಯತನಕ ಬೇಕಾಗದೆಯೂ ಇರಬಹುದು. ಹೃದಯ ತಾನಾಗಿ ಬಡಿದರೆ ಯಂತ್ರ ಸುಮ್ಮನಿದ್ದು ಲೆಕ್ಕ ಮಾತ್ರ ಬರೆದುಕೊಳ್ಳುತ್ತದೆ. ಮೊದಲ ತಪಾಸಣೆಯಲ್ಲಿ ನೂರಕ್ಕೆ 90 ಬಡಿತ ಯಂತ್ರದ್ದಾಗಿತ್ತು, ಕಳೆದ ವಾರ ನೋಡಿದಾಗ 60. ಉಳಿದ ನಲವತ್ತು ಹೃದಯದ್ದೇ ಅಮ್ಮ. ಆ ಕಾಗದವನ್ನು ಮಡಚಿ ಇಟ್ಟುಕೊಂಡಿದ್ದೇನೆ.

ಇನ್ನು ನೀವೆಲ್ಲರೂ ನೆನಪಿಡಬೇಕಾದದ್ದು. ನಾನು ಅಲ್ಲಿಗೆ ಬಂದಾಗ ತಲೆ ಸುತ್ತಿ ಬಿದ್ದರೆ, ಹೃದಯ ಕಸಿಯಾಗಿದೆ ಎಂಬ ಮಾತನ್ನು ಆಸ್ಪತ್ರೆಯ ಬಾಗಿಲಲ್ಲೇ ಹೇಳಿ. ನಾಡಿ ಇಳಿದವರಿಗೆ ಸಾಮಾನ್ಯವಾಗಿ ಕೊಡುವ ಅಟ್ರೋಪಿನ್ ವೇಗಸ್ ನರವನ್ನು ತಡೆಯುವ ಔಷಧ. ಆ ನರವೇ ತುಂಡಾಗಿರುವ ನನಗೆ ಅದನ್ನು ನಂಬಿಕೊಂಡು ಕೂರುವಂತಿಲ್ಲ, ಕೆಲವೊಮ್ಮೆ ಅದರಿಂದ ಬಡಿತಕ್ಕೆ ಇನ್ನಷ್ಟು ತಡೆಯಾದದ್ದೂ ಉಂಟಂತೆ. ತೀರಾ ಓಡುವ ಬಡಿತವನ್ನು ತಡೆಯುವ ಅಡಿನೊಸಿನ್ ಕೊಡಬೇಕಾಗಿ ಬಂದರೆ ತೀರಾ ಕಡಿಮೆ ಅಳತೆಯಲ್ಲಿ, ಎಚ್ಚರದಿಂದ ಕೊಡಬೇಕು. ರಕ್ತದೊತ್ತಡಕ್ಕೆಂದು ಯಾವ ಮಾತ್ರೆಯನ್ನೂ ನನ್ನ ವೈದ್ಯರನ್ನು ಕೇಳದೆ ಕೊಡಿಸಬೇಡಿ. ಡಿಲ್ಟಿಯಾಜೆಮ್‌ನಂಥವು ಬಡಿತವನ್ನು ಇಳಿಸುವುದಲ್ಲದೆ ದೇಹ ಹೃದಯವನ್ನು ತಿರಸ್ಕರಿಸದಂತೆ ನಾನು ನುಂಗುವ ಟ್ಯಾಕ್ರೊಲಿಮಸ್‌ನ ಪ್ರಮಾಣವನ್ನೂ ರಕ್ತದಲ್ಲಿ ಏರಿಸಿಬಿಡುತ್ತವೆ. ಚೆನ್ನಾಗಿದ್ದ ಹೃದಯ ತಿಂಗಳುಗಳ ನಂತರ ಹಠಾತ್ತನೆ ನಿಧಾನವಾದರೆ ಅದನ್ನು ಹಗುರವಾಗಿ ನೋಡಬಾರದು. ದೇಹ ಹೃದಯವನ್ನು ತಿರಸ್ಕರಿಸುತ್ತಿರಬಹುದು, ಅದರ ರಕ್ತನಾಳಗಳು ಕಿರಿದಾಗುತ್ತಿರಬಹುದು. ಬಯಾಪ್ಸಿ ಆಗಲೇಬೇಕು.

ಒಂದು ಸಂಗತಿಯನ್ನು ನಿನಗೊಬ್ಬಳಿಗೇ ಎಂದು ಇಟ್ಟುಕೊಂಡಿದ್ದೆ. ಕಳೆದ ವಾರ ಇಸಿಜಿ ತೆಗೆಯುವವರು ಯಂತ್ರವನ್ನು ಕ್ಷಣಕಾಲ ತಗ್ಗಿಸಿ, ಕಾಗದದ ಮೇಲಿನ ಗೆರೆಯನ್ನು ಬೆರಳಿಟ್ಟು ತೋರಿಸಿದರು. ಪ್ರತಿ ಬಡಿತಕ್ಕೆ ಮುಂಚೆ ಒಂದು ಚಿಕ್ಕ ಉಬ್ಬು ಇರುತ್ತದೆ. ನನ್ನ ಕಾಗದದಲ್ಲಿ ಅವುಗಳ ನಡುವೆ ಇನ್ನೊಂದು ಸಾಲು ಉಬ್ಬುಗಳು ಇದ್ದವು, ಬೇರೆಯದೇ ಲೆಕ್ಕದಲ್ಲಿ. ನನಗೆ ಮಾಡಿದ್ದು ಶಮ್ವೇ ಮತ್ತು ಲೋವರ್ ಎಂಬ ಅಮೆರಿಕದ ಶಸ್ತ್ರವೈದ್ಯರು ರೂಪಿಸಿದ ಹಳೆಯ ವಿಧಾನದ ಕಸಿ. ಅದರಲ್ಲಿ ಹಳೆಯ ಹೃದಯದ ಹಿಂಗೋಡೆಯ ಒಂದಿಷ್ಟನ್ನು ಉಳಿಸಿ ಹೊಸದನ್ನು ಅದಕ್ಕೆ ಹೊಲಿಯುತ್ತಾರೆ. ಆ ಹಳೆಯ ಚೂರಿನ ಸೈನಸ್ ನೋಡ್ ಇನ್ನೂ ತನ್ನಷ್ಟಕ್ಕೆ ಬಡಿಯುತ್ತಿದೆ. ಹೊಲಿಗೆ ದಾಟಿ ಹೊಸ ಹೃದಯಕ್ಕೆ ಅದರ ಮಾತು ತಲುಪುವುದಿಲ್ಲ. ಆದರೆ ಅದರ ನರಗಳು ತುಂಡಾಗಿಲ್ಲ.

ಭಾನುವಾರ ನೀನು ಅತ್ತಾಗ ನನ್ನ ನಾಡಿ ಏರಲಿಲ್ಲ, ನಾನೇ ಕೈ ಹಿಡಿದು ನೋಡಿಕೊಂಡೆ. ಕೆಲವು ನಿಮಿಷ ಕಳೆದ ಮೇಲೆ, ರಕ್ತದಲ್ಲಿ ಅಡ್ರಿನಲಿನ್ ಹರಿದು ಬಂದಾಗ, ಎದೆ ಹೊಡೆದುಕೊಳ್ಳತೊಡಗಿತು. ಇವರು ದೀಪ ಆರಿಸಿದ ಮೇಲೂ ನಿಲ್ಲಲಿಲ್ಲ. ನಿನ್ನ ಹೊಟ್ಟೆಯಲ್ಲಿ ಮೂಡಿದ ಆ ಚೂರು ಮಾತ್ರ ನಿನ್ನ ದನಿ ಕೇಳಿದ ಕೂಡಲೇ ಓಡಿರಬೇಕು.

ಮುಂದಿನ ತಪಾಸಣೆ ಬರುವ ತಿಂಗಳು. ನಲವತ್ತು ಎಷ್ಟಾಯಿತು ಎಂದು ಅಂದೇ ಫೋನು ಮಾಡಿ ಹೇಳುತ್ತೇನೆ.

ಇಂತಿ ನಿನ್ನ ಪ್ರೀತಿಯ ಮಗಳು