ಆಶೀರ್ವಚನದ ನಡುವೆ ಮತ ಕೇಳಿಸಬೇಡಿ: ನಮ್ಮ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದ ಮತದಾರ. ನೀವು ಆಗಾಗ ಬಂದುಹೋಗುವ ಮಠದ ಭಕ್ತನೂ ಹೌದು. ನನ್ನ ತಂದೆ ಆ ಮಠದ ಹಾಸ್ಟೆಲಿನಲ್ಲಿ ಉಂಡು, ಅಲ್ಲೇ ಓದಿ ಕೆಲಸಕ್ಕೆ ಸೇರಿದವರು. ಆ ಅನ್ನದ ಋಣ ನಮ್ಮ ಮನೆಯ ಮೇಲೆ ಇನ್ನೂ ಇದೆ. ಮಠದ ಮೇಲಿನ ಸಿಟ್ಟಿಗೆ ಈ ಪತ್ರ ಬರೆಯುತ್ತಿಲ್ಲ. ನಿಮ್ಮ ಪಕ್ಷದ ಮೇಲಿನ ಸಿಟ್ಟಿಗೂ ಅಲ್ಲ. 2023ರಲ್ಲಿ ನಾನು ಮತ ಹಾಕಿದ್ದು ನಿಮಗೇ.

ಆ ವರ್ಷದ ಮೇ 5ರ ಸಂಜೆ ನಿಮಗೆ ನೆನಪಿದೆಯೋ ಇಲ್ಲವೋ. ಅಂದು ಹುಣ್ಣಿಮೆ. ಮತದಾನಕ್ಕೆ ಐದೇ ದಿನ ಉಳಿದಿತ್ತು. ಪ್ರತಿ ಹುಣ್ಣಿಮೆಯಂತೆ ಅಮ್ಮನನ್ನು ಕರೆದುಕೊಂಡು ಮಠಕ್ಕೆ ಹೋಗಿದ್ದೆ. ಗುರುಗಳು ಮುಕ್ಕಾಲು ಗಂಟೆ ಮಾತಾಡಿದರು. ಕುಡಿತದಿಂದ ಮುಳುಗುವ ಮನೆಗಳ ಬಗ್ಗೆ, ಅಣ್ಣ ತಮ್ಮಂದಿರು ಅಂಗೈಯಗಲ ಜಾಗಕ್ಕೆ ಕೋರ್ಟು ಹತ್ತುವುದರ ಬಗ್ಗೆ ಹೇಳಿದರು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಷ್ಟು ಚೆನ್ನಾಗಿತ್ತು ಮಾತು.

ಆಮೇಲೆ ನಿಮ್ಮನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು. "ಇವರು ಮಠದ ಮಗ. ಇವರ ಕೈ ಬಲಪಡಿಸುವುದು ಭಕ್ತರ ಕರ್ತವ್ಯ. ಪೀಠದ ಮಾತು ಮೀರಿ ಉದ್ಧಾರ ಆದವರಿಲ್ಲ" ಅಂದರು. ಚಪ್ಪಾಳೆ ಬಿತ್ತು. ನೀವು ಕೈಮುಗಿದು ಪಾದಕ್ಕೆ ಎರಗಿದಿರಿ.

ಅಮ್ಮ ಯಾರಿಗೆ ಮತ ಹಾಕುತ್ತಾರೆ ಅಂತ ನಾನು ಇದುವರೆಗೆ ಕೇಳಿಲ್ಲ. ಅಪ್ಪನೂ ಕೇಳುತ್ತಿರಲಿಲ್ಲ. ಆದರೆ ಅವತ್ತು ವಾಪಸ್ ಬರುವಾಗ ಅವರೇ ಕೇಳಿದರು: "ಗುರುಗಳು ಹೇಳಿದವರಿಗೆ ಹಾಕಲಿಲ್ಲ ಅಂದ್ರೆ ದೋಷ ಬರತ್ತೇನಪ್ಪಾ?" ಹಾಗೇನಿಲ್ಲ ಬಿಡಮ್ಮ ಅಂದೆ. "ನಿಂಗೇನು ಗೊತ್ತು" ಅಂದು ಸುಮ್ಮನಾದರು. ಆ ಐದು ದಿನವೂ ಅವರ ಮುಖದಲ್ಲಿ ನೆಮ್ಮದಿ ಇರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಜೀವಮಾನವಿಡೀ ತನಗೆ ಸರಿ ಕಂಡವರಿಗೆ ಮತ ಹಾಕಿದವರು, ಅವತ್ತು ಒಂದು ಗುಂಡಿ ಒತ್ತುವುದಕ್ಕೆ ಹೆದರಿದ್ದರು.

ಅಮ್ಮನ ಈ ಪ್ರಶ್ನೆಯನ್ನು ನಮ್ಮ ಕಾನೂನು ಎಂದೋ ಯೋಚಿಸಿಟ್ಟಿದೆ ಅಂತ ನನಗೆ ಆಮೇಲೆ ಗೊತ್ತಾಯಿತು. 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 123ನೇ ಸೆಕ್ಷನ್ ಚುನಾವಣೆಯ ಭ್ರಷ್ಟ ಆಚರಣೆಗಳು ಯಾವುವು ಎಂದು ಹೇಳುತ್ತದೆ. ದುಡ್ಡು ಹಂಚುವುದು ಅದರಲ್ಲಿದೆ. ಅನುಚಿತ ಪ್ರಭಾವ ಬೀರುವುದೂ ಇದೆ. ಹೀಗೆ ಮತ ಹಾಕದಿದ್ದರೆ ದೇವರ ಅವಕೃಪೆಗೆ ಗುರಿಯಾಗುತ್ತೀಯ ಎಂದು ಮತದಾರನನ್ನು ನಂಬಿಸುವುದು, ನಂಬಿಸಲು ನೋಡುವುದು ಕೂಡ ಅನುಚಿತ ಪ್ರಭಾವವೇ. ದುಡ್ಡಿನ ಆಮಿಷವನ್ನು ಬೇಡ ಅನ್ನಬಹುದು, ತೆಗೆದುಕೊಂಡೂ ಬೇರೆಯವರಿಗೆ ಮತ ಹಾಕಬಹುದು. ದೇವರ ಭಯ ಹಾಗಲ್ಲ. ಅದು ಮತಗಟ್ಟೆಯ ಆ ಮರೆಯೊಳಗೂ ಜೊತೆಗೇ ಬರುತ್ತದೆ.

ಹಳೆಯ ಪ್ರಕರಣವೊಂದನ್ನು ನೀವು ಓದಲೇಬೇಕು. 1957ರ ಪಂಜಾಬ್ ವಿಧಾನಸಭಾ ಚುನಾವಣೆಯದ್ದು. ನಾಮಧಾರಿ ಸಿಖ್ಖರ ಗುರುಗಳು ಒಬ್ಬ ಅಭ್ಯರ್ಥಿಯ ಪರವಾಗಿ ತಮ್ಮ ಅನುಯಾಯಿಗಳಿಗೆ ಫರ್ಮಾನು ಹೊರಡಿಸಿದ್ದರು. ಆ ಅಭ್ಯರ್ಥಿ ಗೆದ್ದರು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1959ರಲ್ಲಿ ರಾಮ್ ದಯಾಳ್ ಮತ್ತು ಸಂತ್ ಲಾಲ್ ಪ್ರಕರಣ ಎಂಬ ಹೆಸರಿನಲ್ಲಿ ತೀರ್ಪು ಬಂತು. ಗೆದ್ದ ಅಭ್ಯರ್ಥಿಯ ಆಯ್ಕೆ ಉಳಿಯಲಿಲ್ಲ. ಧರ್ಮಗುರುವಿಗೆ ಬಾಯಿಯೇ ಇಲ್ಲ ಅಂತ ನ್ಯಾಯಾಲಯ ಹೇಳಲಿಲ್ಲ. ಇಂಥವರು ಯೋಗ್ಯರು ಅನ್ನುವ ಹಕ್ಕು ಅವರಿಗೂ ಇದೆ ಎಂದೇ ಒಪ್ಪಿಕೊಂಡಿತು. ಆದರೆ ಅನುಯಾಯಿಗೆ ಬೇರೆ ದಾರಿಯೇ ಇಲ್ಲ, ಮೀರಿದರೆ ದೈವದ ಮುನಿಸು ಎಂಬ ಭಾವ ಹುಟ್ಟಿಸಿದರೆ ಅದು ಅಭಿಪ್ರಾಯವಾಗಿ ಉಳಿಯುವುದಿಲ್ಲ, ಅಪ್ಪಣೆಯಾಗುತ್ತದೆ. "ಪೀಠದ ಮಾತು ಮೀರಿ ಉದ್ಧಾರ ಆದವರಿಲ್ಲ" ಎಂಬ ಮಾತನ್ನು ಈಗ ಇನ್ನೊಮ್ಮೆ ಕೇಳಿಸಿಕೊಳ್ಳಿ.

ಗುರುಗಳಿಗೇ ಪತ್ರ ಬರೆಯಬಹುದಿತ್ತಲ್ಲ, ನನಗೇಕೆ ಅಂತ ನೀವು ಕೇಳಬಹುದು. 123ನೇ ಸೆಕ್ಷನ್ ನೋಡುವುದು ಮೊದಲು ಅಭ್ಯರ್ಥಿಯನ್ನು, ಅವರ ಏಜೆಂಟರನ್ನು, ಆಮೇಲೆ ಅವರ ಒಪ್ಪಿಗೆಯಿಂದ ಮಾತಾಡಿದವರನ್ನು. ಫಲಿತಾಂಶ ಬಂದ 45 ದಿನದೊಳಗೆ ಯಾರಾದರೂ ಹೈಕೋರ್ಟಿಗೆ ಹೋಗಿ ಇದನ್ನು ಸಾಬೀತು ಮಾಡಿದ್ದರೆ ಹೋಗುತ್ತಿದ್ದದ್ದು ನಿಮ್ಮ ಸ್ಥಾನ. ಆರು ವರ್ಷದವರೆಗೆ ಅನರ್ಹತೆಯ ಶಿಕ್ಷೆಯೂ ಬರಬಹುದಿತ್ತು. ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಮಠದ ಹೆಸರನ್ನು ಕೋರ್ಟಿಗೆ ಎಳೆಯಲು ನಮ್ಮೂರಿನಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ. ಆ ಗೌರವದ ಮರೆಯಲ್ಲಿ ನೀವು ನಿಂತುಕೊಂಡಿರಿ. ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ.

ಕಾನೂನು ಗುರುಗಳನ್ನು ಬಿಟ್ಟಿದೆ ಅಂತಲೂ ಅಲ್ಲ. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯಲು 1988ರಲ್ಲಿ ಒಂದು ಕಾಯ್ದೆ ಬಂದಿದೆ. ಪೂಜಾಸ್ಥಳದ ಆವರಣವಾಗಲಿ, ದುಡ್ಡಾಗಲಿ, ಉತ್ಸವ ಮೆರವಣಿಗೆಗಳಾಗಲಿ ಪಕ್ಷದ ಕೆಲಸಕ್ಕೆ, ಮತ ಕೇಳುವುದಕ್ಕೆ ಬಳಕೆಯಾಗಬಾರದು ಎನ್ನುತ್ತದೆ ಅದು. ತಪ್ಪಿದರೆ ಐದು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ. ಚುನಾವಣೆ ಇರಲಿ ಇಲ್ಲದಿರಲಿ ಈ ಕಾಯ್ದೆ ಜಾರಿಯಲ್ಲಿರುತ್ತದೆ. ಚುನಾವಣೆ ಘೋಷಣೆಯಾದ ಮೇಲೆ ಮಾದರಿ ನೀತಿ ಸಂಹಿತೆಯೂ ಸೇರಿಕೊಳ್ಳುತ್ತದೆ. ಮಸೀದಿ, ಚರ್ಚು, ದೇವಸ್ಥಾನ, ಯಾವ ಪೂಜಾಸ್ಥಳವೂ ಪ್ರಚಾರದ ವೇದಿಕೆ ಆಗಬಾರದು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ನೀವು ಮೂರು ಚುನಾವಣೆ ಎದುರಿಸಿದವರು. ಇದನ್ನೆಲ್ಲ ನಾನು ನಿಮಗೆ ಹೇಳಬೇಕಾಗಿ ಬಂದಿರುವುದೇ ಬೇಸರದ ವಿಷಯ.

ಹಾಗಂತ ಗುರುಗಳು ಲೋಕದ ವಿಷಯ ಮಾತಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ತಪ್ಪಾಗುತ್ತದೆ. ಊರಿಗೆ ನೀರಿಲ್ಲ, ಶಾಲೆಗೆ ಮೇಷ್ಟ್ರಿಲ್ಲ, ದೇವಸ್ಥಾನದೊಳಗೆ ಕೆಲವರನ್ನು ಬಿಡುತ್ತಿಲ್ಲ ಅಂತ ಪೀಠದಿಂದ ಹೇಳಲಿ. ನೀವು ಎದುರಿಗೆ ಕೂತಿರುವಾಗಲೇ ಹೇಳಲಿ. ಈ ನೆಲದಲ್ಲಿ ಹನ್ನೆರಡನೇ ಶತಮಾನದ ಶರಣರು ಜಾತಿಯ ಬಗ್ಗೆ, ಅರಮನೆಯ ಬಗ್ಗೆ ಮಾತಾಡದೆ ಬರೀ ಮೋಕ್ಷದ ಮಾತಾಡಿದ್ದರೆ ಇಂದು ಅವರನ್ನು ಯಾರು ನೆನೆಯುತ್ತಿದ್ದರು? ಆ ಮಾತು ಯಾರ ಕಡೆ ವಾಲುತ್ತದೆ ಅನ್ನುವುದರಲ್ಲಿದೆ ವ್ಯತ್ಯಾಸ. ಅನ್ಯಾಯವನ್ನು ಅನ್ಯಾಯ ಅಂದರೆ ಕೇಳಿದವನು ತಾನೇ ಯೋಚಿಸುತ್ತಾನೆ. ಇಂಥ ಗುರುತಿಗೆ ಗುಂಡಿ ಒತ್ತು ಅಂದರೆ ಅವನ ಬದಲಿಗೆ ಬೇರೆ ಯಾರೋ ಯೋಚಿಸಿ ಮುಗಿಸಿರುತ್ತಾರೆ.

ಈ ಗೆರೆ ಎಳೆಯುವುದು ಸುಲಭ ಅಂತಲೂ ಹೇಳಲಾರೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವೇ ನಾಲ್ಕು ಮತ್ತು ಮೂರಾಗಿ ಒಡೆಯಿತು. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳಬಾರದು ಅನ್ನುವಾಗ ಅದು ಅಭ್ಯರ್ಥಿಯ ಧರ್ಮವೋ ಮತದಾರನ ಧರ್ಮವೂ ಸೇರಿಯೋ ಎಂಬುದು ಪ್ರಶ್ನೆ. ಎರಡೂ ಸೇರುತ್ತವೆ ಎಂದರು ನಾಲ್ವರು. ಹಾಗೆ ಮಾಡಿದರೆ ಜಾತಿಯ ಕಾರಣಕ್ಕೆ ನೊಂದವರು ಚುನಾವಣೆಯಲ್ಲಿ ತಮ್ಮ ನೋವನ್ನೇ ಹೇಳಿಕೊಳ್ಳಲಾಗದು ಎಂದರು ಉಳಿದ ಮೂವರು. ಆ ಮೂವರ ಆತಂಕ ನನಗೆ ಅರ್ಥವಾಗುತ್ತದೆ, ಅದರಲ್ಲಿ ನ್ಯಾಯವೂ ಇದೆ. ಆದರೆ ನಮ್ಮ ಮಠದಲ್ಲಿ ಅವತ್ತು ನಡೆದದ್ದು ಯಾರ ನೋವಿನ ಮಾತೂ ಆಗಿರಲಿಲ್ಲ. ಅದು ಬರೀ ನಿಮ್ಮ ಗೆಲುವಿನ ಮಾತು.

ಇದು ಒಂದು ಮಠದ, ಒಂದು ಪಕ್ಷದ ಕತೆಯೂ ಅಲ್ಲ. 2020ರ ಜನವರಿಯಲ್ಲಿ ಹರಿಹರದ ಸಮಾರಂಭದಲ್ಲಿ ಸ್ವಾಮೀಜಿಯೊಬ್ಬರು ತಮ್ಮ ಸಮುದಾಯದ ಶಾಸಕರಿಗೆ ಮಂತ್ರಿ ಸ್ಥಾನ ಬೇಕೆಂದು ವೇದಿಕೆಯಲ್ಲೇ ಪಟ್ಟು ಹಿಡಿದರು. ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಕುರ್ಚಿಯಿಂದ ಎದ್ದು ನಿಂತದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. 2021ರ ಜುಲೈಯಲ್ಲಿ ಅದೇ ಮುಖ್ಯಮಂತ್ರಿಯ ಕುರ್ಚಿ ಉಳಿಸಲು ಮಠಾಧೀಶರು ಗುಂಪಾಗಿ ಅವರ ಮನೆಗೆ ಹೋದರು. 2024ರ ಜೂನ್‌ನಲ್ಲಿ ಕೆಂಪೇಗೌಡ ಜಯಂತಿಯ ವೇದಿಕೆಯಲ್ಲಿ ಇನ್ನೊಬ್ಬ ಸ್ವಾಮೀಜಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರೇ, ಕುರ್ಚಿಯನ್ನು ಡಿ.ಕೆ. ಶಿವಕುಮಾರ್ ಅವರಿಗೆ ಬಿಟ್ಟುಕೊಡಿ ಎಂದರು. ಪಕ್ಷ ಬೇರೆ, ಸಮುದಾಯ ಬೇರೆ, ಧಾಟಿ ಮಾತ್ರ ಒಂದೇ. ಭಾನುವಾರದ ಚರ್ಚಿನಲ್ಲಾಗಲಿ ಶುಕ್ರವಾರದ ಮಸೀದಿಯಲ್ಲಾಗಲಿ ಇದೇ ನಡೆದರೂ ನನ್ನ ಮಾತು ಇದೇ.

ಈ ಧಾಟಿ ತಾನಾಗಿ ಬೆಳೆದದ್ದಲ್ಲ. ಟಿಕೆಟ್ ಸಿಕ್ಕ ಕೂಡಲೇ ಮೊದಲು ಮಠಕ್ಕೆ ಓಡುವವರು ನೀವು. ಬಜೆಟ್ಟಿನಲ್ಲಿ ಮಠಗಳಿಗೆ ಅನುದಾನ ಕೊಡುವ ಸರ್ಕಾರಗಳೂ ನಿಮ್ಮವೇ, ಎಲ್ಲ ಪಕ್ಷದವರವು. ಮಠದ ಶಾಲೆಗೆ ಕಟ್ಟಡ ಬೇಕಾದರೆ, ರಸ್ತೆ ಬೇಕಾದರೆ ಗುರುಗಳು ನಿಮ್ಮನ್ನೇ ಕೇಳಬೇಕು. ಕೇಳಿದವರು ಒಂದು ದಿನ ಕೊಡಬೇಕಾಗುತ್ತದೆ, ಅಲ್ವಾ? ಅವತ್ತು ಗುರುಗಳು ಆ ಮಾತನ್ನು ಮನಸಾರೆ ಆಡಿದರೋ ಮಠದ ಕಟ್ಟಡವನ್ನು ನೆನೆದು ಆಡಿದರೋ ನನಗೆ ಗೊತ್ತಿಲ್ಲ. ಅದು ಗೊತ್ತಾಗದ ಸ್ಥಿತಿ ಬಂತಲ್ಲ, ಅದೇ ನನ್ನ ಸಂಕಟ. ಮೊದಲು ಅವರ ಯಾವ ಮಾತಿಗೂ ನಾನು ಹೀಗೆ ಕಾರಣ ಹುಡುಕಿರಲಿಲ್ಲ.

ನಮ್ಮ ಪಕ್ಕದ ಮನೆಯವರು ಇನ್ನೊಂದು ಪಕ್ಷದ ಹಳೆಯ ಕಾರ್ಯಕರ್ತರು. ಇಪ್ಪತ್ತು ವರ್ಷದಿಂದ ಹುಣ್ಣಿಮೆಯ ದಿನ ಪ್ರಸಾದಕ್ಕೆ ಬಡಿಸಲು ನಿಲ್ಲುತ್ತಿದ್ದವರು. ಆ ಸಂಜೆ ಸೌಟು ಕೆಳಗಿಟ್ಟು ಹೋದವರು ಮತ್ತೆ ಬಂದಿಲ್ಲ. ಅವರ ತಂದೆಯ ತಿಥಿಗೂ ಮಠಕ್ಕೆ ಬರಲಿಲ್ಲ. "ಅಲ್ಲಿ ಈಗ ನಾನು ಭಕ್ತ ಅಲ್ಲ, ಎದುರು ಪಾರ್ಟಿಯವನು" ಅಂದರು. ನಾನು ಹೋಗಿ ಕರೆದೆ, ಅಮ್ಮನೂ ಕರೆದರು. ಬರಲಿಲ್ಲ. ನಿಮ್ಮ ಗೆಲುವಿನ ಅಂತರದಲ್ಲಿ ಆ ಮಾತಿನಿಂದ ಎಷ್ಟು ಮತ ಬಂತೋ ಯಾರೂ ಲೆಕ್ಕ ಹಾಕಲಾರರು. ಪಂಕ್ತಿಯಲ್ಲಿ ಒಬ್ಬರು ಕಡಿಮೆಯಾದದ್ದು ಮಾತ್ರ ನಮಗೆ ಪ್ರತಿ ಹುಣ್ಣಿಮೆಗೂ ಕಾಣುತ್ತದೆ.

ಸ್ವಾಮಿಗಳು ರಾಜಕೀಯಕ್ಕೇ ಬರಬೇಕೆಂದರೆ ಬರಲಿ. ನಾಗರಿಕರಾಗಿ ಆ ಹಕ್ಕು ಅವರಿಗೂ ಇದೆ. ನಾಮಪತ್ರ ಹಾಕಿ, ಎಲ್ಲರ ಹಾಗೆ ಪ್ರಶ್ನೆ ಕೇಳಿಸಿಕೊಂಡು, ಬೀದಿಯಲ್ಲಿ ನಿಂತು ಮತ ಕೇಳಲಿ. ಬೀದಿಯಲ್ಲಿ ನಾವು ತಿರುಗಿ ಮಾತಾಡಬಹುದು. ಪೀಠದ ಎದುರು ಕೈಮುಗಿದು ಕೂತವನು ಎದ್ದು ನಿಂತು, "ಇಲ್ಲ ಬುದ್ಧಿ, ಈ ಶಾಸಕರು ನಮ್ಮೂರಿಗೆ ಏನೂ ಮಾಡಿಲ್ಲ" ಅನ್ನಲು ಆಗುತ್ತದೆಯೇ?

ನಿಮ್ಮಿಂದ ನಾನು ಕೇಳುವುದು ದೊಡ್ಡದೇನಲ್ಲ. ಮಠಕ್ಕೆ ಬನ್ನಿ, ಬರಬೇಡಿ ಅಂತ ಯಾರು ಹೇಳಿಯಾರು? ಆದರೆ ವೇದಿಕೆ ಹತ್ತಬೇಡಿ. ನಿಮ್ಮ ಹೆಸರು ಕರೆದರೂ ಕೂತಲ್ಲಿಂದಲೇ ಕೈಮುಗಿಯಿರಿ. ಚುನಾವಣೆ ಘೋಷಣೆಯಾದ ಮೇಲೆ ಗುರುಗಳ ಬಳಿ ಹೋಗಿ, ದಯವಿಟ್ಟು ನನ್ನ ಪರವಾಗಿ ಒಂದು ಮಾತೂ ಆಡಬೇಡಿ ಅಂತ ನೀವೇ ಬೇಡಿಕೊಳ್ಳಿ. ಅದನ್ನು ಭಕ್ತರಿಗೂ ತಿಳಿಸಿ. ನೀವೇ ಹೇಳಿದರೆ ಗುರುಗಳಿಗೂ ಹಗುರ. ಮಠದ ಶಾಲೆಗೆ ಬರಬೇಕಾದ ಅನುದಾನ ಮಕ್ಕಳ ಲೆಕ್ಕದ ಮೇಲೆ ಬರಲಿ, ನಿಮ್ಮ ಶಿಫಾರಸಿನ ಮೇಲೆ ಬೇಡ. ನಾಳೆ ಯಾರಾದರೂ ಪೀಠದಿಂದ ನಿಮಗೆ ಮಂತ್ರಿಗಿರಿ ಕೇಳಿದರೆ, ಅಲ್ಲೇ ಎದ್ದು ಅದು ಬೇಡ ಅನ್ನಿ.

ನೀವು ಮೊದಲು ಹೀಗೆ ಮಾಡಿದರೆ ನಿಮ್ಮ ಎದುರಾಳಿಗೆ ಲಾಭವಾಗಬಹುದು. ಅವರು ಇನ್ನೊಂದು ಮಠದ, ಇನ್ನೊಂದು ದರ್ಗಾದ ಮೆಟ್ಟಿಲು ಹತ್ತಬಹುದು. ಆ ಭಯ ನಿಮಗಿರುವುದು ಸಹಜ. ಅವರಿಗೂ ನಾನು ಇದೇ ಪತ್ರ ಕಳಿಸುತ್ತಿದ್ದೇನೆ.

ಮುಂದಿನ ಹುಣ್ಣಿಮೆಗೆ ನಾವು ಮಠದಲ್ಲೇ ಇರುತ್ತೇವೆ. ಅಮ್ಮ ಎಡಗಡೆಯ ಕಂಬದ ಹತ್ತಿರ ಕೂರುತ್ತಾರೆ. ನೀವೂ ಬಂದು ಕೆಳಗೆ ಜಮಖಾನದ ಮೇಲೆ ಕೂತರೆ, ಪಕ್ಕದ ಮನೆಯವರನ್ನು ಇನ್ನೊಮ್ಮೆ ಕರೆಯಲು ನನಗೂ ಧೈರ್ಯ ಬರುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಮಠದ ಭಕ್ತ